ಅಪ್ಪನಿಗೆ ಕಾಣುವಷ್ಟು ದಪ್ಪ ಗೆರೆ

ಕೊಡಿಗೇನಹಳ್ಳಿ
14-11-1987

ಪ್ರೀತಿಯ ಮಗಳು ಜಗದಾಂಬಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಪುಣೆಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಸಂಜೆ ಹೊತ್ತು ತಲೆಗೆ ನೀರು ಹಾಕಿಕೊಳ್ಳಬೇಡ ಅಂದರೆ ನೀನು ಕೇಳುವವಳಲ್ಲ. ಹುಚ್ಚೆಳ್ಳು ಚಟ್ನಿಪುಡಿಯನ್ನು ಗೆಳತಿಯರಿಗೆ ಹಂಚಿ ಖಾಲಿ ಮಾಡಬೇಡ, ನೀನೂ ಒಂದಿಷ್ಟು ತಿನ್ನು. ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಪ್ಪನ ವಿಷಯಕ್ಕೇ ಈ ಕಾಗದ.

ನಿಮ್ಮ ಆಫೀಸಿನ ಕಂಪ್ಯೂಟರು ಎಳೆದ ಸೇತುವೆಯ ಗ್ರಾಫ್ ಹಾಳೆ ಬಂದ ದಿನ ನಮ್ಮ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೀವಮಾನವೆಲ್ಲ ಡ್ರಾಯಿಂಗ್ ಕಲಿಸಿದವರಿಗೆ ಮಗಳೂ ಗೆರೆಯಲ್ಲೇ ಅನ್ನ ಕಂಡುಕೊಂಡಳಲ್ಲ ಅಂತ ಹಿಗ್ಗು. ತಾವೇ ಮೊಳೆ ಹೊಡೆದು ನಡುಮನೆಯ ಗೋಡೆಗೆ ಹಾಕಿದರು. ಪಕ್ಕದ ಮನೆಯ ರುದ್ರಯ್ಯ ಬಂದವನು ಕತ್ತು ಓರೆ ಮಾಡಿ, "ಮೇಷ್ಟ್ರೇ, ಅಕ್ಸರ ಎಲ್ಲಾ ತಲೆಕೆಳಗಾಗವಲ್ಲ" ಅಂದ. ನಿಮ್ಮಪ್ಪ ಬಿಟ್ಟಾರೆಯೇ? "ಸೇತುವೆ ಕೆಳಗೆ ನಿಂತು ನೋಡಿದ್ರೆ ಹಂಗೇ ಕಣಯ್ಯ" ಅಂದುಬಿಟ್ಟರು. ಪಾಪ, ಅವನು ತಲೆಯಾಡಿಸಿ ಕಾಫಿ ಕುಡಿದು ಹೋದ. ನನಗೆ ಮೊದಲು ನಗು ಬಂತು, ಆಮೇಲೆ ಹತ್ತಿರ ಹೋಗಿ ನೋಡಿದೆ. ಗೆರೆ ಸೊಟ್ಟಗಾದರೆ ಹುಡುಗರ ಗೆಣ್ಣಿಗೆ ಸ್ಕೇಲಿನಿಂದ ಬಾರಿಸುತ್ತಿದ್ದ ಮನುಷ್ಯ ಹಾಳೆಯನ್ನೇ ತಲೆಕೆಳಗು ಹಾಕಿದ್ದರು.

ಕಣ್ಣಿಗೆ ಪೊರೆ ಬಂದಿದೆ ಮಗಳೇ. ಒಪ್ಪಿಕೊಳ್ಳಲು ಬಿಗುಮಾನ. ತಪ್ಪೆಲ್ಲ ನಿನ್ನ ಯಂತ್ರದ್ದಂತೆ. "ಅದಕ್ಕೆ ಗೆರೆ ಎಳೆಯೋಕೆ ಬರಲ್ಲ ಕಣೇ. ಹೊರಗೆರೆ ದಪ್ಪ ಇರ್ಬೇಕು, ಮರೆಯಾಗಿರೋದು ತುಂಡು ತುಂಡಾಗಿರ್ಬೇಕು. ಎಲ್ಲಾ ಕೂದಲೆಳೆ ಮಾಡಿಟ್ಟೈತೆ" ಅಂತ ಗೊಣಗುತ್ತಾರೆ. ಮೊನ್ನೆ ಮಧ್ಯಾಹ್ನ ನಾನು ಮಲಗಿದ್ದೇನೆ ಅಂದುಕೊಂಡು, ಹಾಳೆಯನ್ನು ಗೋಡೆಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ಎಲ್ಲಿದೆ ಅಂತ ಬೆರಳಲ್ಲಿ ತಡವುತ್ತಿದ್ದರು. ನಾನು ಎದ್ದು ಕೂತೆ. ಬರುವ ತಿಂಗಳು ಮಧುಗಿರಿಯಲ್ಲಿ ಕಣ್ಣಿನ ಕ್ಯಾಂಪ್ ಇದೆ, ಹೋಗೋಣ ಅಂದೆ. "ಕುಯ್ದು ಇರೋದೂ ಹೋಗ್ಬುಟ್ರೆ? ಮಗಳ ಗೆರೆ ಒಂದ್ಸಲ ನೋಡ್ಬುಟ್ಟು ಬರ್ತೀನಿ" ಅಂದರು.

ನೀನೇ ಬರೆದಿದ್ದೆಯಲ್ಲ, ಏನೂ ಹೇಳದಿದ್ದರೆ ಯಂತ್ರ ಎಲ್ಲವನ್ನೂ ಒಂದೇ ಸಣ್ಣ ಕಪ್ಪು ಗೆರೆಯಾಗಿ ಎಳೆಯುತ್ತದೆ, ಹೇಳಿದರೆ ದಪ್ಪ, ತುಂಡು, ಬಣ್ಣ ಎಲ್ಲ ಮಾಡುತ್ತದೆ ಅಂತ. ನಮ್ಮನೆ ಕಾಫಿಯ ಹಾಗೆ ಅಂದುಕೊಂಡೆ. ಬಾಯಿಬಿಟ್ಟು ಹೇಳದಿದ್ದರೆ ಎಲ್ಲರಿಗೂ ಬೆಲ್ಲದ್ದೇ. ಹಾಗಾದರೆ ಹೇಳು. ಭಾರಕ್ಕೆ ಸೇತುವೆ ಬಾಗುವ ಗೆರೆಯನ್ನು ದಪ್ಪ ಕೆಂಪಿನಲ್ಲಿ ಎಳೆಸಿ ಕ್ಯಾಂಪಿಗೆ ಮುಂಚೆ ಕಳಿಸು.

ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಕಮಲಾಕ್ಷಮ್ಮ

ಇನ್ನೊಂದು ಮಾತು. ಕಾಗದ ಒಯ್ಯಲು ರುದ್ರಯ್ಯ ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪನಿಗಾಗಿ ದಪ್ಪ ಮಾಡಿಸಿದೆ ಅಂತ ಮಾತ್ರ ಬರೆಯಬೇಡ, ಅವರು ಹಾಳೆ ಮುಟ್ಟುವುದೂ ಇಲ್ಲ. ನಮ್ಮ ಯಂತ್ರ ಈಗ ಹೀಗೇ ಎಳೆಯುತ್ತದೆ ಅಂತ ಬರೆ. ಅದು ಸುಳ್ಳಾಗಬಾರದು. ಹಾಗಾಗಿ ಒಂದು ಹಾಳೆಗಲ್ಲ, ಯಂತ್ರದ ಅಭ್ಯಾಸವನ್ನೇ ತಿದ್ದಿಬಿಡು, ನೀನು ಹೇಳದಿದ್ದರೂ ದಪ್ಪಗೇ ಎಳೆಯಲಿ. ಸಾಹೇಬರು ಕೇಳಿದರೆ ಕೊಡಿಗೇನಹಳ್ಳಿ ಮೇಷ್ಟ್ರ ಕಾಯಿದೆ ಅನ್ನು. ತಡಮಾಡಬೇಡ ತಾಯಿ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ, ಅವರ ಎಡಗಣ್ಣು ಆಗಲೇ ಪೂರ್ತಿ ಹೋಗಿದೆ. ಕ್ಯಾಂಪಿನಲ್ಲಿ ಕುಯ್ಯುವುದು ಉಳಿದಿರುವ ಒಂದನ್ನೇ.