ಉಜ್ಜದೆ ಬಳಿದ ಗೋಡೆ

ಅಕ್ಕಾ,

ಶುಕ್ರವಾರ ನೋಂದಣಿ ಕಚೇರಿಗೆ ನಾನು ಬರುವುದಿಲ್ಲ. ನೀನು ಕೊಳ್ಳುವ ಮನೆಯ ಕ್ರಯಪತ್ರಕ್ಕೆ ಸಾಕ್ಷಿಯ ಸಹಿ ಹಾಕುವುದಿಲ್ಲ. ಇದನ್ನು ಎಲ್ಲ ಹೇಳಿ ಮುಗಿಸಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಆದರೆ ನೀನು ಯಾವ ಕಾಗದವನ್ನೂ ಕೊನೆಯಿಂದ ಓದುವವಳು, ನಾನು ಮೊದಲಿನಿಂದ ಓದುವವಳು. ಆದ್ದರಿಂದ ಎರಡೂ ಕಡೆ ಬರೆಯುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ನಿನ್ನೆ ಸಂಜೆ ಪ್ರಯತ್ನವೂ ಮಾಡಿದೆ. ‘ಅಕ್ಕಾ, ಆ ಗೋಡೆ’ ಎನ್ನುವಷ್ಟರಲ್ಲಿ ನೀನು, ‘ಮತ್ತೆ ಗೋಡೆ ಪುರಾಣ ಶುರು ಮಾಡ್ಬೇಡ ಕಣೇ, ಗಿರಾಕಿ ಇದ್ದಾರೆ’ ಎಂದು ಇಟ್ಟುಬಿಟ್ಟೆ. ಹಿಂದಿನ ವಾರ ಇನ್ನೊಂದು ಮಾತು ಅಂದಿದ್ದೆ. ‘ನಿಂಗೆ ಹೊಟ್ಟೆಕಿಚ್ಚು. ನಾನೊಂದು ಮನೆ ಮಾಡ್ತೀನಿ ಅಂದ್ರೆ ನಿಂಗೆ ಕಣ್ಣು ಕೆಂಪು.’ ಅದಕ್ಕೆ ಉತ್ತರ ಹುಡುಕಿದೆ. ಹೊಟ್ಟೆಕಿಚ್ಚು ಇಲ್ಲ, ಅಕ್ಕ. ಅನುಮಾನ ಇದೆ. ಅದು ಮೊದಲು ದಲ್ಲಾಳಿಯ ಮೇಲಿತ್ತು, ಆಮೇಲೆ ಗೋಡೆಯ ಮೇಲೆ ಬಂತು, ಆಮೇಲೆ ಮನೆ ಮಾರುವ ತಾತನ ಮೇಲೆ. ಈಗ ಎಲ್ಲಿ ಬಂದು ನಿಂತಿದೆ ಎಂದು ಹೇಳುವುದಕ್ಕೇ ಈ ಪತ್ರ.

ನೀನು ಈ ಮನೆ ಕೊಂಡು ಬಾಡಿಗೆಗೆ ಬಿಡುವ ದಾರಿ ಹಿಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕನ್ನಡಕದ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತು ನಿಂತು ನಿನ್ನ ಕಾಲಿನ ನರಗಳು ಹಗ್ಗದಂತೆ ಎದ್ದಿದ್ದವು. ಮಾಲೀಕರ ಮಗ ಅಂಗಡಿ ಮುಚ್ಚುವ ಮಾತನ್ನು ಅರ್ಧ ಆಡಿ ಅರ್ಧ ನುಂಗಿದ. ಆ ಭಾನುವಾರ ನೀನು ‘ಮೊದಲ ಮನೆ, ಮೊದಲ ಬಾಡಿಗೆ’ ಎಂಬ ತರಗತಿಗೆ ಹೋಗಿ ಬಂದೆ. ಕೈಯಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್. ಶಾಲೆಯಲ್ಲಿ ಸದಾ ಮೊದಲ ಬೆಂಚಿನವಳು ನೀನು. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ: ‘ಮನೆಯನ್ನು ಪ್ರೀತಿಸಬೇಡ, ಬಾಡಿಗೆಯನ್ನು ಪ್ರೀತಿಸು.’ ಮೂರು ಹೊತ್ತಿನಲ್ಲಿ ಮೂರು ಸಲ ಮನೆ ನೋಡು. ನೀರಿನ ವಿಷಯ ದಲ್ಲಾಳಿಯನ್ನು ಕೇಳಬೇಡ, ಪಕ್ಕದ ಮನೆಯವರನ್ನು ಕೇಳು. ಮನೆ ಪತ್ರದಲ್ಲಿ ಎಷ್ಟು ಹೆಸರಿದೆಯೋ ಅಷ್ಟು ಜನರನ್ನೂ ಕಣ್ಣಿಂದ ನೋಡು. ನೀನು ಓದಿ ಹೇಳುತ್ತಿದ್ದರೆ ನಾನು ಕಿಟಕಿ ಕಟ್ಟೆಯ ಮೇಲೆ ಕಾಲು ಆಡಿಸುತ್ತ ಕೂತು ನಕ್ಕಿದ್ದೆ. ಹತ್ತನೇ ತರಗತಿಯ ನಡುವೆ ಎದ್ದು ಬಂದವಳು ನಾನು, ನನಗೆ ಯಾವ ನೋಟ್‌ಬುಕ್ಕೂ ಹಿಡಿಸುವುದಿಲ್ಲ. ಆದರೆ ಆ ಸಾಲುಗಳು ಹಿಡಿಸಿದವು. ಬಣ್ಣದ ಕೆಲಸದಲ್ಲಿ ನಮ್ಮ ಮೇಸ್ತ್ರಿ ಕಲಿಸುವುದೂ ಅದನ್ನೇ: ‘ಮಾತು ಕೇಳ್ಬೇಡ, ಗೋಡೆ ಮುಟ್ಟು.’

ಹಾಗಾಗಿ ನೀನು ಆ ಎರಡು ಕೋಣೆಯ ಮನೆಯನ್ನು ತೋರಿಸಲು ಕರೆದುಕೊಂಡು ಹೋದಾಗ ನಾನು ಮುಟ್ಟಿದೆ.

ಆ ದಲ್ಲಾಳಿ ನೆನಪಿದ್ದಾನಲ್ಲ? ನಾವಿಬ್ಬರೂ ಅವನಿಗೆ ‘ಆಯ್ತುಬಿಡಿ’ ಎಂದು ಹೆಸರಿಟ್ಟು ಮೆಟ್ಟಿಲಿಳಿಯುವಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀರು ಬರುತ್ತಾ ಅಂದರೆ, ‘ಬರುತ್ತೆ, ಆಯ್ತುಬಿಡಿ.’ ಬೀದಿಯ ಬೇರೆ ಮನೆಗಳಿಗಿಂತ ಬೆಲೆ ಯಾಕೆ ಇಷ್ಟು ಕಮ್ಮಿ ಅಂದರೆ, ‘ಅವರಿಗೆ ಅರ್ಜೆಂಟು, ಆಯ್ತುಬಿಡಿ.’ ನಾನು ಬೇರೆ ಏನೂ ಕೇಳಿರಲಿಲ್ಲ, ಸುಮ್ಮನೆ ಒಳಕೋಣೆಯ ಗೋಡೆಯ ಕಡೆ ತಿರುಗಿದೆ ಅಷ್ಟೇ. ಅವನೇ ಓಡಿಬಂದು, ‘ಆ ಗೋಡೇಲಿ ಏನೂ ಇಲ್ಲ ಮೇಡಂ’ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಆ ಕೋಣೆಯ ಮೂರು ಗೋಡೆಗಳು ಹತ್ತು ವರ್ಷದ ಹಳದಿ. ಒಂದು ಮಾತ್ರ ಹೊಸದಾಗಿ ಬೆಳ್ಳಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮನೆ ಮಾರುವವರು ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಅದರ ಹಿಂದೆ ತೇವ ಇರುತ್ತದೆ, ಇಲ್ಲವೇ ಬಿರುಕು. ಅಂಗೈ ಇಟ್ಟು ಉದ್ದಕ್ಕೆ ಎಳೆದೆ. ತಣ್ಣಗಿರಲಿಲ್ಲ, ಒಣಗಿತ್ತು. ಆದರೆ ಅಡಿಯಲ್ಲಿ ಏನೋ ಉಬ್ಬುತಗ್ಗು, ಬಳಸಿಕೊಂಡು ಹೋಗುವ ಏಣುಗಳು. ಬಿರುಕು ಹಾಗೆ ದುಂಡಗೆ ತಿರುಗುವುದಿಲ್ಲ.

ಇನ್ನೊಂದು ವಿಷಯ ಅವತ್ತು ನಿನಗೆ ಹೇಳಿರಲಿಲ್ಲ. ನೀನು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಬಾಗಿಲ ಹಿಂದೆ ಹಳೆಯ ಪತ್ರಿಕೆಗಳ ಕಟ್ಟು. ಮೇಲಿನದನ್ನು ಎತ್ತಿದೆ. ಅಂಚಿನಲ್ಲೆಲ್ಲ ಒಂದೇ ಸಹಿ, ನೀಲಿ ಶಾಯಿಯಲ್ಲಿ, ಹತ್ತು ಹದಿನೈದು ಸಲ. ಅದರ ಕೆಳಗಿನದರಲ್ಲೂ ಅದೇ. ಅದರ ಕೆಳಗಿನದರಲ್ಲೂ. ಅದು ಹೆಂಗಸಿನ ಹೆಸರು. ಮನೆಯಲ್ಲಿ ಹೆಂಗಸಿರಲಿಲ್ಲ. ಮನೆ ಪತ್ರದಲ್ಲಿ ಎರಡು ಹೆಸರಿದೆ, ತಾತನದು ಮತ್ತು ಅವರ ಹೆಂಡತಿಯದು ಎಂದು ನೀನೇ ಹೇಳಿದ್ದೆ. ಅಜ್ಜಿ ಎಲ್ಲಿ ಎಂದು ಕೇಳಿದರೆ, ‘ಪಕ್ಕದ ಮನೇಲಿ ಮಾತಾಡ್ತಾ ಇದ್ದಾರೆ. ಸಹಿಗೆ ಬರ್ತಾರೆ, ಆಯ್ತುಬಿಡಿ’ ಅಂದ ದಲ್ಲಾಳಿ. ನನ್ನ ತಲೆಯಲ್ಲಿ ಒಂದೇ ಮಾತು ಕೂತಿತು: ಈ ತಾತ ಹೆಂಡತಿಯ ಸಹಿಯನ್ನು ತಿದ್ದಿ ತಿದ್ದಿ ಕಲಿಯುತ್ತಿದ್ದಾನೆ. ಶುಕ್ರವಾರ ಬೇರೆ ಯಾವುದೋ ಹೆಂಗಸನ್ನು ತಂದು ನಿಲ್ಲಿಸುತ್ತಾನೆ.

ಆಮೇಲೆ ಅದನ್ನು ಹೇಳಿದಾಗ ನೀನು ಏನಂದೆ? ‘ಮಗು ಹುಟ್ಟಿದ್ರೂ ರಸೀದಿ ಕೇಳೋಳು ನೀನು.’

ಸರಿ. ನಿನ್ನೆ ಮಧ್ಯಾಹ್ನ ಕೆಲಸಕ್ಕೆ ಚಕ್ಕರ್ ಹೊಡೆದು ಒಬ್ಬಳೇ ಆ ಮನೆಗೆ ಹೋದೆ. ಏನಾದರೂ ಸುಳ್ಳು ಹೇಳಿ ಒಳಗೆ ಹೋಗಬಹುದಿತ್ತು, ಅಳತೆ ತೆಗೆಯಬೇಕು ಅಂತಲೋ ಏನೋ. ನನಗೆ ಅದು ಬರುವುದಿಲ್ಲ, ನಿನಗೆ ಗೊತ್ತು. ಬಾಗಿಲು ತೆರೆದ ತಾತನಿಗೆ, ‘ನಿಮ್ಮ ಗೋಡೆ ಮೇಲೆ ಅನುಮಾನ ಇದೆ. ಸ್ವಲ್ಪ ಕೆರೆದು ನೋಡ್ಲಾ?’ ಅಂದೆ. ಅವರು ನನ್ನ ಕೈಯಲ್ಲಿದ್ದ ಬಣ್ಣ ಕೆರೆಯುವ ಪುಟ್ಟಿ ಬ್ಲೇಡ್ ನೋಡಿದರು, ಮುಖ ನೋಡಿದರು. ‘ಕೆರಿ’ ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟರು.

ಒಂದು ಮೂಲೆಗೆ ಬ್ಲೇಡ್ ತಾಗಿಸಿದ್ದೇ ತಡ, ಬಣ್ಣ ಹಾಳೆಯಂತೆ ಸುಲಿದು ಬಂತು. ಕೆರೆಯಲೇಬೇಕಾಗಲಿಲ್ಲ. ಹಾಗೆ ಬರುವುದು ಯಾವಾಗ ಗೊತ್ತೇ? ಹೊಳಪಿನ ಆಯಿಲ್ ಪೇಂಟ್ ಮೇಲೆ ಸ್ಯಾಂಡ್ ಪೇಪರ್ ಉಜ್ಜದೆ ನೀರಲ್ಲಿ ಕಲಸುವ ಎಮಲ್ಷನ್ ಬಳಿದಾಗ. ಎರಡನೇ ದಿನದ ಕೂಲಿಯವಳಿಗೂ ಇದು ಗೊತ್ತು. ಅಡಿಯಲ್ಲಿದ್ದದ್ದು ಅಕ್ಷರ, ಅಕ್ಕ. ಕಡುನೀಲಿ ಅಕ್ಷರ, ಪ್ರತಿಯೊಂದಕ್ಕೂ ಬೂದು ನೆರಳು, ಅಂಗಡಿಗಳ ಮೇಲೆ ಹಿಂದೆ ಕೈಯಲ್ಲೇ ಬರೆಯುತ್ತಿದ್ದರಲ್ಲ ಅಂಥವು. ಮೊದಲು ಕಂಡ ಸಾಲು: ‘ಬಾಗಿಲು ತೆಗೆಯಬೇಡ.’ ಇಲ್ಲಿ ಯಾರನ್ನೋ ಕೂಡಿಹಾಕಿದ್ದರು ಎಂದುಕೊಂಡೆ. ಇನ್ನಷ್ಟು ಸುಲಿದೆ. ‘ನಾನು ಹಾಲು ತರಲು ಹೋಗಿದ್ದೇನೆ. ಈಗ ಬರುತ್ತೇನೆ.’ ಅದರ ಮೇಲೆ, ‘ಒಲೆ ಮುಟ್ಟಬೇಡ, ಅಡುಗೆ ಆಗಿದೆ.’ ಬಲಗಡೆ ಒಂದು ಬಾಣ: ‘ಬಚ್ಚಲು ಈ ಕಡೆ.’ ಎಲ್ಲಕ್ಕಿಂತ ಮೇಲೆ, ಗೇಣುದ್ದದ ಅಕ್ಷರಗಳಲ್ಲಿ: ‘ಇದು ನಿನ್ನ ಮನೆ. ಹೆದರಬೇಡ.’

ನನ್ನ ಹಿಂದೆ ಯಾರೋ ಅದನ್ನು ಗಟ್ಟಿಯಾಗಿ ಓದಿದರು.

ಅಜ್ಜಿ. ತಲೆ ಬಾಚಿ ನೀಟಾಗಿ ಜಡೆ ಹಾಕಿತ್ತು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇದು ನನ್ನ ಮನೆ ಅಂತೆ!’ ಅಂದರು, ಪರೀಕ್ಷೆಯಲ್ಲಿ ಪಾಸಾದ ಮಕ್ಕಳು ಹೇಳುವ ಹಾಗೆ. ‘ನೀನು ಬಣ್ಣದವಳಾ? ಚೆನ್ನಾಗಿ ಬರ್ದಿದ್ದೀಯ ಮಗಳೇ.’ ನಾನಲ್ಲ ಎಂದೆ. ಅವರಿಗೆ ಅದು ಮುಖ್ಯವಾಗಲಿಲ್ಲ. ಗೋಡೆಯ ಎದುರಿನ ಕುರ್ಚಿಯಲ್ಲಿ ಕೂತು ಮತ್ತೆ ಓದತೊಡಗಿದರು.

ತಾತ ಬೋರ್ಡ್ ಬರೆಯುವ ಕೆಲಸ ಮಾಡಿದವರು, ನಲವತ್ತು ವರ್ಷ. ಇಷ್ಟು ಗೊತ್ತಿರುವವರು ಉಜ್ಜದೆ ಯಾಕೆ ಬಳಿದಿರಿ ಎಂದು ಕೇಳಿದೆ. ನೋಡು, ನನಗೆ ಆಗಲೂ ಅದೇ ಅನುಮಾನ, ಏನೋ ಮುಚ್ಚಿಡುವ ಅವಸರ ಇತ್ತೆಂದು. ‘ದಲ್ಲಾಳಿ ಅಳಿಸು ಅಂದ. ಇದನ್ನ ನೋಡಿದ್ರೆ ಯಾರೂ ಕೊಳ್ಳಲ್ಲ ಅಂದ. ಬಳಿಯೋಕೆ ಕೈ ಬಂತು. ಉಜ್ಜೋಕೆ ಬರ್ಲಿಲ್ಲಮ್ಮ’ ಅಂದರು.

ಆಮೇಲೆ ಪತ್ರಿಕೆಗಳ ವಿಷಯ ಕೇಳಿದೆ. ಅವರು ಒಂದು ಪತ್ರಿಕೆ ಮತ್ತು ಪೆನ್ನು ತಂದು ಅಜ್ಜಿಯ ಮುಂದೆ ಇಟ್ಟರು. ‘ಏನಿದು?’ ಎಂದರು ಅಜ್ಜಿ. ‘ಪಾರ್ಸೆಲ್ ಬಂದಿದೆ. ಒಂದು ಸಹಿ ಹಾಕು.’ ಅಜ್ಜಿ ಹಾಕಿದರು. ಏನು ಸಹಿ ಅಂತೀಯ! ಒಂದೇ ಎಳೆತ, ನಡುಕವಿಲ್ಲ, ಕೊನೆಗೊಂದು ಸುರುಳಿ. ಅವರು ಹಿಂದೆ ಶಾಲೆಯ ಗುಮಾಸ್ತೆಯಾಗಿದ್ದರಂತೆ. ಹಾಕಿ ತಲೆ ಎತ್ತಿ ಕೇಳಿದರು: ‘ಏನು ಬಂದಿದೆ, ಪಾರ್ಸೆಲ್‌ನಲ್ಲಿ?’ ತಾತ ನನಗೆ ಹೇಳಿದರು, ‘ದಿನಾ ಬೆಳಿಗ್ಗೆ ಹಾಕಿಸ್ತೀನಿ. ಕೈ ಮರ್ತಿಲ್ಲ ನೋಡು. ಕೈ ಒಂದು ಮರ್ತಿಲ್ಲ.’

ಶುಕ್ರವಾರವೂ ಪಾರ್ಸೆಲ್ ಬರುತ್ತದೆ, ಅಕ್ಕ. ಅದರೊಳಗೆ ಅವರ ಮನೆ ಇರುತ್ತದೆ. ನಾನು ಪಕ್ಕದಲ್ಲಿ ನಿಂತು, ಈಕೆ ತಿಳಿದೇ ಸಹಿ ಹಾಕಿದರು ಎಂದು ಸಾಕ್ಷಿ ಹೇಳಬೇಕು.

ತಾತ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು, ನೋಡಿಕೊಳ್ಳಲು ಒಬ್ಬ ಆಯಾಳನ್ನು ಇಡಬೇಕಂತೆ. ತಮ್ಮೊಬ್ಬರ ಕೈಯಲ್ಲಿ ಇನ್ನು ಆಗದಂತೆ. ನ್ಯಾಯವಾದ ದಾರಿ ಏನೆಂದು ತಿಳಿಯಲು ಇವತ್ತು ನೋಂದಣಿ ಕಚೇರಿಯ ಹೊರಗೆ ಕೂರುವ ಪತ್ರ ಬರೆಯುವವರನ್ನು ಕೇಳಿದೆ. ‘ತಿಳಿವಳಿಕೆ ಇಲ್ದೋರ ಸಹಿ ಸಹಿನೇ ಅಲ್ಲಮ್ಮ. ಗಂಡ ಮೊದ್ಲು ಕೋರ್ಟಿಂದ ಅಪ್ಪಣೆ ತರ್ಬೇಕು, ಆಮೇಲೆ ಮಾರ್ಬೇಕು. ತಿಂಗಳುಗಟ್ಲೆ ಆಗುತ್ತೆ. ಹಾಗೇ ಕೊಂಡ್ರೆ, ನಾಳೆ ಆಯಮ್ಮನ ಕಡೆಯೋರು ಯಾರಾದ್ರೂ ಬಂದು ಕೇಳಿದ್ರೆ ಮನೆನೂ ಇಲ್ಲ, ದುಡ್ಡೂ ಇಲ್ಲ’ ಅಂದರು. ಬೆಲೆ ಯಾಕೆ ಕಮ್ಮಿ ಎಂದು ಈಗ ಗೊತ್ತಾಯಿತಲ್ಲ? ದಲ್ಲಾಳಿಗೆ ಎಲ್ಲ ಗೊತ್ತಿತ್ತು. ಅದಕ್ಕೇ ಅವನಿಗೆ ಮೊದಲ ಮನೆ ಕೊಳ್ಳುವವರೇ ಬೇಕಾಗಿತ್ತು.

ಈಗ ನನ್ನ ಅನುಮಾನ ಎಲ್ಲಿ ಬಂದು ನಿಂತಿದೆ ಎಂದು ಹೇಳುತ್ತೇನೆ. ಕೋಪ ಮಾಡಿಕೋ, ಪರವಾಗಿಲ್ಲ.

ಹಿಂದಿನ ವಾರ ನಿನ್ನ ಬಾಡಿಗೆ ಮನೆಯಲ್ಲಿ ಬಟ್ಟೆ ಮಡಚುವಾಗ ನಿನ್ನ ನೋಟ್‌ಬುಕ್ ತೆರೆದು ಬಿದ್ದಿತ್ತು. ಈ ಮನೆಯ ಪುಟ. ನಲ್ಲಿ, ಮೀಟರು, ಬಾಡಿಗೆ ಎಷ್ಟು ಬರಬಹುದು, ಎಲ್ಲ ಇತ್ತು. ಕೆಳಗೆ ಒಂದು ಸಾಲು, ಕೆಂಪು ಶಾಯಿಯಲ್ಲಿ: ‘ಸಹಿ ಬೆಳಿಗ್ಗೆಯೇ. ಮಧ್ಯಾಹ್ನ ಬೇಡವೇ ಬೇಡ.’ ಅವತ್ತು ಕಚೇರಿಯಲ್ಲಿ ಮಧ್ಯಾಹ್ನ ನೂಕುನುಗ್ಗಲು ಇರಬಹುದು ಎಂದುಕೊಂಡೆ. ನಿನ್ನೆ ಹೊರಡುವಾಗ ತಾತ ಹೇಳಿದರು, ಅಜ್ಜಿ ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನದ ಮೇಲೆ ತನ್ನ ಹೆಸರನ್ನೇ ಕೇಳುತ್ತಾರೆ ಎಂದು. ಮನೆಯವರೆಗೂ ಆ ಕೆಂಪು ಸಾಲು ನನ್ನ ಜೊತೆ ನಡೆದು ಬಂತು.

ಆ ಸಾಲನ್ನು ಯಾರ ಬಾಯಿಂದ ಕೇಳಿ ಬರೆದೆ, ಅಕ್ಕ? ಕಚೇರಿಯ ಗಲಾಟೆ ಎಂದು ದಲ್ಲಾಳಿ ಹೇಳಿ ನೀನು ನಂಬಿದೆಯಾ? ಅಥವಾ ಯಾಕೆಂದು ಕೇಳಬಾರದು ಎಂದು ನೀನೇ ತೀರ್ಮಾನಿಸಿದೆಯಾ? ಊರಿಗೆಲ್ಲ ಕನ್ನಡಕ ಹಾಕುವವಳು ನೀನು, ನಿನ್ನ ಕಣ್ಣಿಗೆ ಇದು ಬೀಳಲಿಲ್ಲವೇ? ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಕೇಳುತ್ತಿರಲಿಲ್ಲ. ದಲ್ಲಾಳಿಯ ಮೇಲೆ ಅನುಮಾನ ಪಡುವಾಗ ಒಂಥರಾ ಖುಷಿ ಇರುತ್ತದೆ. ನಿನ್ನ ಮೇಲೆ ಪಟ್ಟಾಗ ಅನ್ನ ಇಳಿಯಲಿಲ್ಲ.

ನಾನು ಶಾಲೆ ಬಿಟ್ಟ ದಿನ ನೆನಪು ಮಾಡಿಕೋ. ಅಮ್ಮ ಹೋಗಿ ವರ್ಷವಾಗಿತ್ತು, ಅಪ್ಪ ಲಾರಿ ಹತ್ತಿಕೊಂಡು ಎಲ್ಲೋ ಇದ್ದರು. ಪೋಷಕರ ಜಾಗದಲ್ಲಿ ನೀನು ಸಹಿ ಹಾಕಬೇಕಿತ್ತು. ‘ಬುಗುರಿ ಒಂದು ಕಡೆ ನಿಲ್ಲಲ್ಲ, ತಗೊಂಡು ಹೋಗಿ’ ಎಂದರು ಹೆಡ್ ಮೇಡಂ, ನನ್ನನ್ನು ತೋರಿಸಿ. ನೀನು ಹಾಕಲಿಲ್ಲ. ಆ ಅರ್ಜಿಯನ್ನು ನನ್ನ ಕೈಗೆ ಕೊಟ್ಟು ಮೂರು ಸಲ ಗಟ್ಟಿಯಾಗಿ ಓದಿಸಿದೆ. ‘ನೀನು ಏನು ಬಿಟ್ಟುಕೊಡ್ತಾ ಇದ್ದೀಯ ಅಂತ ನಿನ್ನ ಬಾಯಲ್ಲೇ ಹೇಳು. ಆಮೇಲೆ ಹಾಕ್ತೀನಿ’ ಎಂದೆ. ನಾನು ಹೇಳಿದೆ. ನೀನು ಅಳುತ್ತ ಹಾಕಿದೆ. ಶಾಲೆ ನನಗೆ ಕಲಿಸದ ಪಾಠ ಅದು, ಕಲಿಸಿದವಳು ನೀನು. ಶುಕ್ರವಾರ ಆ ಅಜ್ಜಿಯನ್ನು ಅದೇ ಪ್ರಶ್ನೆ ಕೇಳು. ಏನು ಬಿಟ್ಟುಕೊಡುತ್ತಿದ್ದೀರಿ ಎಂದು ಅವರ ಬಾಯಲ್ಲಿ ಬಂದರೆ ನಾನು ಓಡಿಬಂದು ಸಾಕ್ಷಿ ಹಾಕುತ್ತೇನೆ.

ಕೋರ್ಟಿನ ದಾರಿಯ ವಿಷಯ ಇವತ್ತು ಸಂಜೆ ಮತ್ತೆ ಆ ಮನೆಗೆ ಹೋಗಿ ತಾತನಿಗೆ ಹೇಳಿದ್ದೇನೆ. ನನ್ನ ಅಕ್ಕ ಅಲ್ಲಿಯವರೆಗೆ ಕಾಯಬಹುದು ಎಂದು ಹೇಳಲಿಲ್ಲ, ನಿನ್ನ ಪರವಾಗಿ ಮಾತು ಕೊಡಲು ನಾನ್ಯಾರು? ಕಾಯುತ್ತೇನೆ ಎಂದು ಅವರೂ ಅನ್ನಲಿಲ್ಲ. ಆಗಲ್ಲ ಎಂದೂ ಅನ್ನಲಿಲ್ಲ. ‘ನಿಮ್ಮಕ್ಕನ್ನ ಒಂದ್ಸಲ ಕರ್ಕೊಂಡು ಬಾ. ಮಧ್ಯಾಹ್ನ ಕರ್ಕೊಂಡು ಬಾ’ ಅಂದರು, ಅಷ್ಟೇ.

ಈ ಪತ್ರವನ್ನು ನಿನ್ನ ಅಂಗಡಿಯ ಶಟರ್ ಅಡಿಗೆ ತಳ್ಳಿ ಹೋಗುತ್ತೇನೆ. ಗುರುವಾರ ಬೆಳಿಗ್ಗೆ ಎತ್ತುವಾಗ ಸಿಗುತ್ತದೆ. ಊಟದ ಬಿಡುವಿನಲ್ಲಿ ನಾನು ಆ ಮನೆಯಲ್ಲಿರುತ್ತೇನೆ. ಗೋಡೆ ಕೆಡಿಸಿದವಳು ನಾನು, ಸರಿ ಮಾಡಿಕೊಡಬೇಕು. ಸರಿಯಾಗಿ ಮಾಡಬೇಕೆಂದರೆ ಮೊದಲು ಆ ಅಕ್ಷರಗಳನ್ನು ಉಜ್ಜಬೇಕು. ಸ್ಯಾಂಡ್ ಪೇಪರ್ ತಂದು ಕಿಟಕಿಯ ಮೇಲೆ ಇಟ್ಟು ಬಂದಿದ್ದೇನೆ. ನೀನು ಬಾ, ಆ ಕುರ್ಚಿಯ ಪಕ್ಕದಲ್ಲಿ ನಿಂತು ಮೇಲಿನ ಸಾಲನ್ನು ಒಂದು ಸಲ ಓದು. ಓದಿದ ಮೇಲೂ ಉಜ್ಜಬೇಕು ಅನ್ನಿಸಿದರೆ ಸ್ಯಾಂಡ್ ಪೇಪರ್ ಅಲ್ಲೇ ಇದೆ. ನೀನೇ ಉಜ್ಜಬೇಕಾಗುತ್ತದೆ. ನನ್ನ ಕೈಗೂ ಅದು ಬರುತ್ತಿಲ್ಲ.

ನೀನು ಕೊನೆಯಿಂದ ಓದುವವಳು ಎಂದು ಇಲ್ಲಿ ಮತ್ತೊಮ್ಮೆ: ಶುಕ್ರವಾರ ನಾನು ಸಾಕ್ಷಿ ಹಾಕುವುದಿಲ್ಲ. ಆದರೆ ಗುರುವಾರ ನಿನಗಾಗಿ ಕಾಯುತ್ತೇನೆ.

ಚಿಕ್ಕವಳು ಹರಸಬಾರದು ಅಂತಾರೆ, ನಾನು ಯಾವ ನಿಯಮ ಪಾಲಿಸಿದ್ದೇನೆ? ನಿನಗೆ ಒಂದು ಮನೆ ಆಗಲಿ, ಅಕ್ಕ. ನಿನ್ನ ಕಾಲಿಗೆ ಕೂರುವ ಕಾಲ ಬರಲಿ. ಅದರ ಬೀಗದ ಕೈ ಕೊಡುವವರಿಗೆ ತಾವು ಕೊಡುತ್ತಿರುವುದೇನೆಂದು ಗೊತ್ತಿರಲಿ.

ನಿನ್ನ ಮೇಲೂ ಅನುಮಾನ ಪಟ್ಟ, ನೀನೇ ಸಾಕಿದ ತಂಗಿ,
ಬುಗುರಿ