ಪಕ್ಕದ ಸೀಟು

ಶನಿವಾರ, ಸಂಜೆ

ಗುಬ್ಬಿ, ನನ್ನ ಬಂಗಾರ,

ಮುಂದಿನ ಭಾನುವಾರ ಮನೆ ಬದಲಾಯಿಸುತ್ತಿದ್ದೇನೆ, ಸಾಮಾನು ಸಾಗಿಸಲು ಕಾರು ತಗೊಂಡು ಬಾ ಎಂದು ನೀನು ಕೇಳಿದ್ದೆ. ನಾನು ನೋಡೋಣ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಇನ್ನೆರಡು ಮಾತಾಡಿದ್ದರೆ ನನ್ನ ದನಿಯಲ್ಲೇ ನೀನು ಎಲ್ಲವನ್ನೂ ಹಿಡಿದುಬಿಡುತ್ತಿದ್ದೆ. ಅದಕ್ಕೇ ಈ ಕಾಗದ.

ಮೊದಲು ಮನೆ ಸುದ್ದಿ. ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ. ಟಿವಿ ಸದ್ದು ಜೋರು ಮಾಡಿ ಕೂತರೂ, ಅಡುಗೆಮನೆಯಲ್ಲಿ ನಾನು ಗೊಣಗಿದ್ದು ಒಂದಕ್ಷರ ಬಿಡದೆ ಅವರಿಗೆ ಕೇಳಿಸುತ್ತದೆ. ಡ್ರೈವಿಂಗ್ ಶಾಲೆ ನಡೆಯುತ್ತಿದೆ. ಚೆನ್ನಾಗಿ ನಡೆಯುತ್ತಿದೆ ಎಂದು ಬರೆಯಹೊರಟೆ, ಕೈ ಏಳಲಿಲ್ಲ. ಹೊಸಬರು ಸೇರುತ್ತಿಲ್ಲ, ಸೇರಿದವರು ನಾಳೆ ಬರುತ್ತೇನೆ ಎಂದು ನಾಳೆಯನ್ನೇ ಎಳೆಯುತ್ತಾರೆ. ಒಂದೇ ಕಾರಿನ ಶಾಲೆ. ಪಾಠ ಹೇಳುವವಳು, ಕಾರು ತೊಳೆಯುವವಳು, ಫೋನ್ ಎತ್ತಿ ಗಂಭೀರವಾಗಿ ಮಾತಾಡುವವಳು, ಎಲ್ಲ ನಾನೇ. ನನಗೆ ನೆಗಡಿಯಾದರೆ ಇಡೀ ಸಂಸ್ಥೆಗೇ ನೆಗಡಿ.

ಸುತ್ತಿಬಳಸುವುದು ಸಾಕು. ನನಗೆ ಕಾರು ಓಡಿಸಲು ಆಗುತ್ತಿಲ್ಲ ಕಣೇ.

ಒಂದು ತಿಂಗಳ ಹಿಂದೆ ಸರ್ವೀಸ್ ಮಾಡಿಸಿಕೊಂಡು ಒಬ್ಬಳೇ ವಾಪಸ್ ಬರುತ್ತಿದ್ದೆ. ಸೇತುವೆಯ ಮೇಲೆ ಮುಂದಿದ್ದ ಲಾರಿಯಿಂದ ಒಂದು ಹಾಸಿಗೆ ಕಳಚಿ ಬಿತ್ತು. ಬ್ರೇಕ್ ಒತ್ತಿದೆ. ಕಾರು ಬುಗುರಿಯ ಹಾಗೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಎದುರಿಗೆ ಒಂದು ಬಸ್ಸು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಬಸ್ಸಿನ ಚಾಲಕ ನನ್ನನ್ನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಲಾರಿಯವನು ಇಳಿದು ಬಂದು ಹಾಸಿಗೆಯ ಧೂಳು ಕೊಡವಿ, ಹೆಗಲ ಮೇಲೆ ಹೊತ್ತುಕೊಂಡು ಹೋದ. ಯಾರಿಗೂ ಏನೂ ಆಗಲಿಲ್ಲ. ಕಾರಿಗೆ ಒಂದು ಗೀರೂ ಇಲ್ಲ. ಅಲ್ಲಿಂದ ನಾನೇ ಓಡಿಸಿಕೊಂಡು ಮನೆಗೆ ಬಂದು, ಏನೂ ಆಗದವಳ ಹಾಗೆ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಸ್ಟೀರಿಂಗ್ ಮುಂದೆ ಕೂತರೆ ಬಲಗಾಲು ಎತ್ತಲು ಬರಲಿಲ್ಲ. ನೋವಿಲ್ಲ, ಜೋಮಿಲ್ಲ. ಯಾರದೋ ಕಾಲನ್ನು ತಂದು ನನಗೆ ಅಂಟಿಸಿದ ಹಾಗಿತ್ತು. ಬೆನ್ನೆಲ್ಲ ಬೆವರು. ಇಳಿದು ಪಕ್ಕದ ಸೀಟಿಗೆ ಹೋಗಿ ಕೂತೆ, ಉಸಿರು ಸರಿಯಾಯಿತು. ವಿಚಿತ್ರ ನೋಡು, ಆ ಸೀಟಿನಲ್ಲಿ ಕೂತರೆ ನಾನು ಮೊದಲಿನವಳೇ. ಅಲ್ಲಿ ಪಾಠ ಹೇಳುವವರಿಗೆಂದು ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಲ್ಲ, ಅದು ನನ್ನ ಮಾತು ಕೇಳುತ್ತದೆ. ಎಂಥ ಅಡ್ಡಾದಿಡ್ಡಿ ವಿದ್ಯಾರ್ಥಿ ಬಂದರೂ ಅಳುಕಿಲ್ಲ.

ಡಾಕ್ಟರು ಸ್ವಲ್ಪ ದಿನ ರಜೆ ತಗೊಳ್ಳಿ ಎಂದರು. ಯಾರ ಹತ್ತಿರ ತಗೊಳ್ಳಲಿ? ಕೇಳಬೇಕಾದವಳೂ ನಾನೇ, ಕೊಡಬೇಕಾದವಳೂ ನಾನೇ, ಇಬ್ಬರಿಗೂ ಧೈರ್ಯವಿಲ್ಲ. ಡ್ರೈವಿಂಗ್ ಕಲಿಸುವವಳಿಗೆ ಕಾರು ಕಂಡರೆ ಭಯವಂತೆ ಎಂಬ ಸುದ್ದಿ ಒಬ್ಬರ ಕಿವಿಗೆ ಬಿದ್ದರೂ ಶಾಲೆಗೆ ಬೀಗ.

ಹಾಗಾಗಿ ಉಪಾಯ ಹೂಡಿದೆ. ಬೆಳಗಿನ ವಿದ್ಯಾರ್ಥಿಗೆ ನಮ್ಮ ಮನೆಗೇ ಬರಲು ಹೇಳಿ, ಅವನ ಕೈಯಲ್ಲೇ ಕಾರು ಹೊರಡಿಸುತ್ತಿದ್ದೆ. ಒಬ್ಬರ ಪಾಠ ಮುಗಿದ ಕಡೆ ಇನ್ನೊಬ್ಬರು ಬಂದು ಹತ್ತುತ್ತಿದ್ದರು. ಸಂಜೆ ಕೊನೆಯ ಪಾಠ ದರ್ಜಿಯದು, ಮನೆಯಲ್ಲೇ ಹೊಲಿಗೆ ಮಾಡುವ ಹೆಂಗಸು. ಅವಳು ನಮ್ಮ ಬಾಗಿಲಿನವರೆಗೆ ಓಡಿಸಿ, ಕೀಲಿ ಕೊಟ್ಟು ನಡೆದು ಹೋಗುತ್ತಿದ್ದಳು. ಯಾರಾದರೂ ಬರುವುದಿಲ್ಲ ಎಂದು ಫೋನ್ ಮಾಡಿದರೆ, ಆ ಜಾಗಕ್ಕೆ ಬೇರೆಯವರನ್ನು ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆ. ನನ್ನದೇ ಕಾರು, ನಾನೇ ಅದರಲ್ಲಿ ಸಾಮಾನು.

ಬುಧವಾರ ದರ್ಜಿಗೆ ಲೈಸೆನ್ಸ್ ಪರೀಕ್ಷೆ ಇತ್ತು. ಆರ್‌ಟಿಒ ಆಫೀಸಿನ ಮೈದಾನದಲ್ಲಿ, ಬೇಲಿಯ ಪಕ್ಕ ನಿಂತು ನೋಡುತ್ತಿದ್ದೆ. ಹಿಂದಕ್ಕೆ ತಿರುಗಿಸುವಾಗ ಅವಳು ತಡವರಿಸಿದಳು. ಇವಳು ಫೇಲಾಗಲಿ ಎಂದು ಒಂದು ಗಳಿಗೆ ಮನಸ್ಸು ಬಯಸಿತು, ಗುಬ್ಬಿ. ಇದನ್ನು ಬರೆಯಲೂ ನಾಚಿಕೆ. ಅವಳು ಪಾಸಾದಳು. ಓಡಿಬಂದು ನನ್ನ ಎರಡೂ ಕೈ ಹಿಡಿದು ಅತ್ತಳು. ಅಷ್ಟರಲ್ಲಿ ಅವಳ ತಮ್ಮ ಸ್ಕೂಟರ್ ತಂದ, ಅಮ್ಮನಿಗೆ ಹೇಳಬೇಕು ಎಂದು ಹತ್ತಿ ಹೊರಟೇಬಿಟ್ಟಳು.

ಮೈದಾನದಲ್ಲಿ ನಾನು, ಕಾರು.

ಬಹಳ ಹೊತ್ತು ಪಕ್ಕದ ಸೀಟಿನಲ್ಲೇ ಕೂತೆ. ಕಾವಲುಗಾರ ಬಂದು ಯಾಕೆ ಹೊರಟಿಲ್ಲ ಎಂದ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದುಬಿಟ್ಟೆ. ಸುಳ್ಳಿಗೆ ಇಷ್ಟು ಬೇಗ ನೆಂಟರು ಸೇರುತ್ತಾರೆಂದು ಗೊತ್ತಿರಲಿಲ್ಲ. ಟೀ ಅಂಗಡಿಯವನು ಬಂದ, ಟೈರ್ ಅಂಗಡಿಯವನು ಬಂದ, ಒಬ್ಬ ಬಾನೆಟ್ ಎತ್ತಿದ, ಇನ್ನೊಬ್ಬ ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಇಂಜಿನ್ ಗುರ್ ಅಂದಿತು.

"ಚಿನ್ನದಂಥ ಗಾಡಿ ಮೇಡಂ. ಹೊರಡಿ, ನಾವು ಗೇಟ್ ತೆಗೀತೀವಿ," ಎಂದ ಟೈರ್ ಅಂಗಡಿಯವನು.

ನಾನು ಹೋಗುವುದನ್ನು ನೋಡಲು ಎಲ್ಲರೂ ಸಾಲಾಗಿ ನಿಂತರು. ಬಾಗಿಲು ತೆರೆದಿತ್ತು, ಸೀಟು ಖಾಲಿಯಿತ್ತು, ಇಂಜಿನ್ ಓಡುತ್ತಿತ್ತು. ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಭಯವಿಲ್ಲದೆ ಕಲಿಯಿರಿ' ಎಂದು ನಾನೇ ಬರೆಸಿದ್ದು. ಆಫೀಸಿನಲ್ಲಿ ಏನೋ ಕಾಗದ ಮರೆತೆ ಎಂದು ಹೇಳಿ, ಇಂಜಿನ್ ನಿಲ್ಲಿಸಿ, ಆಫೀಸಿನ ಹಿಂಬಾಗಿಲಿನಿಂದ ಹೊರಬಿದ್ದು ಮನೆಗೆ ನಡೆದುಬಂದೆ. ಕಾರು ಮಾರಿಬಿಟ್ಟೆಯಾ ಎಂದು ಅಜ್ಜಿ ಕೇಳಿದರು. ಗ್ಯಾರೇಜಿನಲ್ಲಿದೆ ಎಂದೆ. ಅವರು ಟಿವಿಯ ಸದ್ದು ತಗ್ಗಿಸಿ ನನ್ನ ಮುಖವನ್ನೇ ನೋಡಿದರು.

ಆಮೇಲೆ ಕಾರು ಅಲ್ಲೇ ಉಳಿಯಿತು. ವಿದ್ಯಾರ್ಥಿಗಳಿಗೆ ಮೈದಾನಕ್ಕೇ ಬನ್ನಿ ಎಂದೆ. ಅಷ್ಟು ದೂರ ಆಗುವುದಿಲ್ಲ ಎಂದು ಬೆಳಗಿನ ಹುಡುಗ ಬಿಟ್ಟೇಬಿಟ್ಟ. ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದರು. ಹಾಗೆಂದವರು ತಿರುಗಿ ಬರುವುದಿಲ್ಲ. ನಿನ್ನೆ ಕಾವಲುಗಾರ, ಸೋಮವಾರದಿಂದ ಇಲ್ಲಿ ಗಾಡಿ ಬಿಡುವ ಹಾಗಿಲ್ಲ, ಸಾಹೇಬರು ಬೈಯುತ್ತಾರೆ ಎಂದ.

ಇವತ್ತು ಮಧ್ಯಾಹ್ನ ದರ್ಜಿ ಮೈದಾನಕ್ಕೆ ಬಂದಳು. ಥ್ಯಾಂಕ್ಸ್ ಹೇಳಲು ಮನೆಗೆ ಹೋಗಿದ್ದಳಂತೆ, ಕಾರು ಗ್ಯಾರೇಜಿನಲ್ಲಿದೆ ಎಂದು ಅಜ್ಜಿ ಹೇಳಿದರಂತೆ. ದಿನಾ ಇದೇ ದಾರಿಯಲ್ಲಿ ಬಟ್ಟೆ ಕೊಡಲು ಹೋಗುವ ಅವಳಿಗೆ ಕಾರು ಎಲ್ಲಿದೆ ಎಂದು ಗೊತ್ತಿತ್ತು. "ನಿಜ ಹೇಳಿ, ಏನಾಗಿದೆ ನಿಮಗೆ?" ಎಂದಳು. ಹೇಳಿದೆ. ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಕೈ ನೋವಿನಿಂದ ಒಂದು ಮಳೆಗಾಲವೆಲ್ಲ ಮಿಷನ್ ಮುಟ್ಟದೆ ಇದ್ದಳಂತೆ, ಹೊರಗೆ ಮಾತ್ರ ಕೈತುಂಬ ಕೆಲಸ ಎಂದು ಹೇಳಿಕೊಂಡು ತಿರುಗುತ್ತಿದ್ದಳಂತೆ. "ನೀವು ಓಡಿಸಿ, ನಾನು ಈ ಕಡೆ ಬ್ರೇಕ್ ಮೇಲೆ ಕಾಲಿಟ್ಟು ಕೂತಿರ್ತೀನಿ," ಎಂದು ನನ್ನ ಸೀಟು ಹತ್ತಿ ಕೂತಳು.

ಕೂತೆ. ಕಾಲು ಎದ್ದಿತು. ಕಾರು ಇರುವೆಯ ಹಾಗೆ ಹೊರಟು ಮೈದಾನ ದಾಟಿ ಗೇಟಿಗೆ ಬಂದಿತು. ಅಲ್ಲಿ ಏನೋ ಅಡ್ಡ ಬಂದ ಹಾಗಾಗಿ ದರ್ಜಿ ಬ್ರೇಕ್ ಒತ್ತಿದಳು, ಕಾರು ನಿಂತಿತು. ಹಿಂದಿನವರು ಹಾರ್ನ್ ಹೊಡೆದರು. ಮುಂದಕ್ಕೆ ನನ್ನಿಂದಾಗಲಿಲ್ಲ. ಅವಳು ಇಳಿದು ಸುತ್ತಿಬಂದು, ನನ್ನನ್ನು ಆಚೆ ಸರಿಸಿ ಮನೆಯವರೆಗೆ ಓಡಿಸಿಕೊಂಡು ಬಂದಳು. ಸೋಮವಾರ ಬೆಳಿಗ್ಗೆ ಮತ್ತೆ ಬರುತ್ತಾಳಂತೆ. ಆಮೇಲೆ ಅವಳಿಗೆ ಹೊಲಿಗೆಯ ಸೀಸನ್, ಬಿಡುವಿಲ್ಲ.

ಆದ್ದರಿಂದ ಭಾನುವಾರಕ್ಕೆ ನೀನು ಬೇರೆ ಗಾಡಿ ಗೊತ್ತುಮಾಡಿಕೊ. ನಾನು ಬಸ್ಸಿನಲ್ಲಿ ಬಂದು ಪಾತ್ರೆಗಳನ್ನು ಜೋಡಿಸಿಕೊಡುತ್ತೇನೆ. ಗಾಬರಿಯಾಗಿ ಓಡಿಬರಬೇಡ. ಶಾಲೆ ಮುಚ್ಚು, ನನ್ನ ಜೊತೆ ಬಂದಿರು ಎಂದು ಬರೆಯಬೇಡ. ನೀನು ಹಾಗೆ ಬರೆದರೆ ನಾನು ಒಪ್ಪಿಕೊಂಡುಬಿಡುವ ಹೆದರಿಕೆ ಇದೆ.

ನಿನ್ನವಳೇ ಆದ,
ಅಮ್ಮ

ಮರೆತ ಮಾತು: ಗೇಟಿನ ಹತ್ತಿರ ಏನೂ ಅಡ್ಡ ಬಂದಿರಲಿಲ್ಲ, ಮುಂದೆ ರಸ್ತೆ ಖಾಲಿಯಿತ್ತು. ಬ್ರೇಕ್ ಒತ್ತಿದ್ದು ದರ್ಜಿಯಲ್ಲ, ನಾನು. ಅವಳು ಮೊದಲಿನಿಂದಲೂ ಕಾಲು ಮಡಚಿಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ನಾನು ನೋಡಿದ್ದು ಗೇಟಿಗೆ ಬಂದ ಮೇಲೆ. ಅಲ್ಲಿಯವರೆಗೆ ಒಬ್ಬಳೇ ಓಡಿಸಿದ್ದೆ.