ಯಾವ ಪಟ್ಟಿಯೊಳಗೂ ಇಲ್ಲದ ನಾಗೂಬಾಯಿ

ಇಚಲಕರಂಜಿ
ಐತವಾರ, ೧೭ ನವೆಂಬರ ೧೯೬೩

ಅಲಕಾನ ಅಪ್ಪಾರಿಗೆ,

ನಿಮ್ಮ ಗುರುಸಿದ್ದವ್ವ ಶರಣು ಮಾಡಿ ಬರಿಯೂದು. ಹ್ಯಾಂಗದೀರಿ? ರಾತ್ರಿ ಕೆಮ್ಮು ಕಡಿಮಿ ಆಗೇತೇನು? ದೀಪಾವಳಿಗೆ ನಾವು ಮಿರಜಿನ ದವಾಖಾನಿಗೆ ಬಂದಾಗ ನಿಮ್ಮ ಮಾರಿ ಮ್ಯಾಲ ಒಂದೀಟು ಕಳಾ ಬಂದಿತ್ತು, ಅದನ್ನ ನೆನಸಿಕೊಂಡ ದಿನಾ ದೂಡಾಕತ್ತೇನಿ. ಡಾಕ್ಟರು ತತ್ತಿ ತಿನ್ರಿ ಅಂದ್ರ ನೀವು ಮಾರಿ ತಿರುವಿದ್ರಂತ, ಸಿಸ್ಟರಬಾಯಿ ನನ್ನ ಕಿವ್ಯಾಗ ಹೇಳಿದ್ರು. ತಿನ್ರಿ. ಔಷಧ ಅಂತ ತಿಳಕೊಂಡು ಕಣ್ಣು ಮುಚ್ಚಿ ತಿನ್ರಿ. ಅತ್ತಿಯವರು ಕೇಳಿದ್ರ ದಿನಾ ಹಾಲು ಕುಡಿತಾರ ಅಂತ ಹೇಳ್ತೇನಿ, ಅದೇನು ಸುಳ್ಳಲ್ಲಲ್ಲ. ಉಣ್ಣಿ ಶಾಲು ಹೊಚ್ಚಿಕೊಳ್ಳಾಕ ಹತ್ತೀರಿಲ್ಲೋ? ಅದನ್ನ ಬಾಜೂ ಕಾಟಿನವರಿಗೆ ಕೊಟ್ಟು ನೀವು ಚಾದರದಾಗ ನಡುಗಿಕೋತ ಮಲಗಿರ್ತೀರಿ, ನನಗ ನಿಮ್ಮ ಸ್ವಭಾವ ಗೊತ್ತೈತಿ.

ಮನಿಯೊಳಗ ಎಲ್ಲಾರೂ ಆರಾಮದೇವಿ. ಅಲಕಾ ಸಾಲಿಗೆ ಹೊಂಟಾಳ, ಮರಾಠಿ ಅಂಕಲಿಪಿ ಗಟ್ಟಿಯಾಗಿ ಒದರಿ ಓದ್ತಾಳ. ಆಕೀ ಬಾಜೂಕ ಕುಂತು ಜೋಳಾ ಹಸನ ಮಾಡಿಕೋತ ನಾನೂ ಆ ಅಕ್ಷರಾ ಕಲತೆ. ಸಂಕೇಶ್ವರದ ಕನ್ನಡ ಸಾಲಿ ಹುಡುಗಿ ಈಗ ಮರಾಠಿ ಪತ್ರಿಕಾ ಓದ್ತೇನಿ ಅಂದ್ರ ನೀವು ನಗ್ತೀರಿ. ನಗ್ರಿ, ಆದ್ರ ಮುಂದಿಂದನ್ನ ಪೂರಾ ಓದಿ ಆಮ್ಯಾಲ ಸಿಟ್ಟಾಗ್ರಿ. ನಿಮ್ಮನ್ನ ಕೇಳದ ಒಂದು ಕೆಲಸಾ ಮಾಡೇನಿ. ಮಾಡಿದ್ದು ತಪ್ಪು ಅಂತ ನನಗ ಅನಸಿಲ್ಲ. ಅದಕ್ಕ ಮಾಫಿ ಕೇಳಾಕ ಬರಿಯಾಕತ್ತಿಲ್ಲ, ಏನು ನಡೀತು ಅನ್ನೂದು ಮಂದಿ ಬಾಯಿಂದ ಬರೂಕಿಂತ ಮೊದಲು ನನ್ನ ಕೈಯಿಂದ ನಿಮಗ ಮುಟ್ಟಲಿ ಅಂತ ಬರಿಯಾಕತ್ತೇನಿ.

ನೀವು ದವಾಖಾನಿಗೆ ಹೋದಮ್ಯಾಲ ನಮ್ಮ ರೇಡಿಯೋ, ಗ್ರಾಮೋಫೋನ ತಬಕಡಿ ಅಂಗಡಿಗೆ ಭಾವಾರು ಮುಂಜಾನಿ ಒಂದ್ ತಾಸು, ಸಂಜಿಕ ಒಂದ್ ತಾಸು ಬಂದು ಹೋಗತಿದ್ರು. ಅವರಿಗೆ ಅವರ ಮಗ್ಗದ ಕೆಲಸನ ಭಾಳ. ನಡುವ ಇಡೀ ದಿನಾ ಬಾಗಲಾ ಹಾಕೇ ಇರೂದು. ಗಿರಾಕಿ ಬಂದು ಕೀಲಿ ನೋಡಿ ಹೋಗೂದು ನೋಡಲಾರದ ನಾನ ಹೋಗಿ ಕುಂತೆ. ಅತ್ತಿಯವರು ಎರಡು ದಿನಾ ನನ್ನ ಕೂಡ ಮಾತಾಡಲಿಲ್ಲ. ಮೂರನೇ ದಿನಾ ತಾವ ಬಂದು ಹೊಸ್ತಿಲದ ಮ್ಯಾಲ ಕುಂತು, ಯಾವ ಹಾಡು ಬೇಕ್ರಿ ಅಂತ ಮಂದಿನ್ನ ಕೇಳಾಕ ಹತ್ತಿದ್ರು.

ಮಧ್ಯಾಹ್ನ ಮಗ್ಗದ ಸಪ್ಪಳ ಒಂದ ಬಿಟ್ರ ಓಣ್ಯಾಗ ಯಾರೂ ಇರೂದಿಲ್ಲ. ಆವಾಗ ನಾ ಯಾವ ಹಾಡು ಎಷ್ಟು ಮಾರತು ಅಂತ ಪಟ್ಟಿ ಹಾಕೂ ನಿಮ್ಮ ಆ ಎರಡು ಪತ್ರಿಕಾ ಬಾಜೂ ಬಾಜೂ ಇಟಗೊಂಡು ಓದೂದು ಹಿಡದೆ. ಮುಂಬಯಿದು ನುಣುಪು ಕಾಗದದ್ದು, ಪುಣೇದ್ದು ಬೆರಳಿಗೆ ಶಾಯಿ ಹತ್ತೂವಂಥಾದ್ದು. ನೀವು ಮುಂಬಯಿದನ್ನ ಪಂಚಾಂಗ ನೋಡಿಧಂಗ ನೋಡಿ ಮಾಲು ತರಸ್ತಿದ್ರಿ, ಪುಣೇದ್ದು ಬಂದ್ರ ಅದರಾಗ ಸೂಜಿ ಡಬ್ಬಿ ಸುತ್ತಿಡತಿದ್ರಿ. ನಾ ಎರಡೂ ಓದಿದೆ, ಅಟ್ಟದ ಮ್ಯಾಲಿನ ಹಳೇವನ್ನೂ ಇಳಿಸಿ ಓದಿದೆ. ಒಂದ ವಾರದಾಗ ಮುಂಬಯಿದು ಮೊದಲನೇದು ಅಂತ ಹಾಕಿದ ಹಾಡು ಪುಣೇದ್ರಾಗ ಏಳನೇದು ಇರ್ತೈತಿ. ಇದರಾಗ ಮೂರನೇದು ಇದ್ದದ್ದು ಅದರಾಗ ಹುಡುಕಿದ್ರೂ ಸಿಗಂಗಿಲ್ಲ. ವರ್ಷದ ಕಡೀಕ ಇಬ್ಬರೂ ಬ್ಯಾರೆ ಬ್ಯಾರೆ ಹಾಡಿಗೆ ವರ್ಷದ ಹಾಡು ಅಂತ ಪೇಟಾ ಸುತ್ತತಾರ, ಮ್ಯಾಲ ಒಬ್ಬರನ್ನೊಬ್ಬರು ಬೈತಾರ. ಪೋಸ್ಟಕಾರ್ಡ ಎಣಿಸಿ ಹಾಡಿನ ಬೆಲಿ ಕಟ್ಟಾವ್ರು ಅಂತ ಮುಂಬಯಿದವರು, ಗೋದಾಮಿನ ಬಾಗಲದಾಗ ನಿಂತು ಪೆಟ್ಟಿಗಿ ಎಣಿಸಾವ್ರು ಅಂತ ಪುಣೇದವರು. ನಮ್ಮ ಅಲಕಾ ಹುಟ್ಟಿದ ವಾರ ಒಂದ ನೋಡ್ರಿ, ಎರಡರಾಗೂ ಒಂದ ಹಾಡು ಮೊದಲ ಐತಿ. ಮಗಳಿಗಿ ತೋರಿಸಿದೆ, ಆಕಿ ಆ ಹಾಡು ತನಗಂತನ ಮಾಡ್ಯಾರ ಅಂತ ಓಣಿ ತುಂಬ ಹೇಳಿಕೋತ ತಿರಗಿದಳು.

ಆ ಬೈಗುಳದಾಗನ ನನಗ ಲೆಕ್ಕದ ರೀತಿ ತಿಳೀತು. ಮುಂಬಯಿದವರು ಕಂಪನಿ ಗೋದಾಮಿನಿಂದ ಎಷ್ಟು ತಬಕಡಿ ಹೊರಗ ಬಿದ್ದಾವ ಅಂತ ನೋಡ್ತಾರ. ಅಂದ್ರ ನಮ್ಮ ಮಾಡದಾಗ ಧೂಳಾ ತಿನ್ನಾಕತ್ತಿದ ತಬಕಡಿನೂ ಅವರ ಲೆಕ್ಕದಾಗ ಮಂದಿ ಕೇಳಿ ಕುಣಿದದ್ದ. ಪುಣೇದವರು ಊರೂರ ಅಂಗಡಿಯವರು ಬರದು ಕಳಿಸಿದ ಕಾರ್ಡ ನಂಬತಾರ. ಇದು ಖರೇ ಲೆಕ್ಕ ಅಂತ ನನಗ ಅನಸಿತು. ಹಂಗಾದ್ರ ನಮ್ಮ ನಾಗೂಬಾಯಿ ಯಾಕ ಇದರಾಗೂ ಇಲ್ಲ ಅಂತ ವಿಚಾರ ಹತ್ತಿತು.

ನಾಗೂಬಾಯಿ ತಬಕಡಿ ಮಳಗಾಲದಾಗ ಬಂತು. ನೀವು ಆಗಲೇ ಮಿರಜಿನ್ಯಾಗ ಇದ್ರಿ, ಮಾಲಿನ ಪೆಟ್ಟಿಗಿ ಒಡದದ್ದು ನಾನ. ಗಡಹಿಂಗ್ಲಜ ಕಡಿಂದ ಬಂದು ಇಲ್ಲೆ ಮಗ್ಗಕ್ಕ ನೂಲಿನ ಕಾಂಡಿ ಸುತ್ತಾಕಿ, ಆಕಿನ್ನ ನೀವು ಹ್ವಾದ ವರ್ಷ ಮುಂಬಯಿಗೆ ಕರಕೊಂಡು ಹೋಗಿ ಹಾಡಿಸಿದ್ರಿ. ಒಂದ ಮಗ್ಗಲದಾಗ ಕನ್ನಡ ಬೀಸೂ ಹಾಡು, ಇನ್ನೊಂದ ಮಗ್ಗಲದಾಗ ಬೀಸೂವಾಗ ಹಾಡೂ ಮರಾಠಿ ಓವಿ. ಎರಡು ಭಾಷಾ ಒಂದ ತಬಕಡಿಗೆ ಯಾರು ತಗೋತಾರ ಅಂತ ಕಂಪನಿಯವರು ನಕ್ಕಿದ್ರಂತ ನೀವ ಹೇಳಿದ್ರಿ. ತಗೊಂಡ್ರು. ಮೊದಲನೇ ಸಲ ಹಚ್ಚಿದಾಗ ಬಾಗಲಕ್ಕ ಬಂದು ನಿಂತ ಕಾಂಡಿ ಹೆಣ್ಣಮಕ್ಕಳು ಕಡೀತನಕ ಕೇಳಿದ್ರು, ಆಮ್ಯಾಲ ಒಬ್ಬಾಕಿ ಸೆರಗಿಲೆ ಮಾರಿ ಒರಸಿಕೊಂಡು ಹೊಳ್ಳಿ ಹಚ್ಚ್ರಿ ವಹಿನಿ ಅಂದಳು. ಹುಪರಿಯಿಂದ ಬೆಳ್ಳಿ ಕೆಲಸದ ಮಂದಿ ಬಂದು ಕೇಳಿದ್ರು, ಒಬ್ಬರು ತಮ್ಮ ಮನಿಯಾಗ ಹಾಡಿನ ಪೆಟ್ಟಿಗಿ ಇಲ್ಲದಿದ್ರೂ ತಬಕಡಿ ತಗೊಂಡು ಹೋದ್ರು, ಮಗಳ ಗಂಡನ ಮನಿಯಾಗ ಐತಂತ. ಬಂದ ಮಾಲು ಎಲ್ಲಾ ಹೋತು. ಹೆಚ್ಚಿಗಿ ಕಳಿಸ್ರಿ ಅಂತ ಕಂಪನಿಗೆ ಬರದೆ. ಅವರು ಮುಂಬಯಿ ಪಟ್ಟಿಯ ಮೊದಲನೇ ಹಾಡಿಂದ ಪೆಟ್ಟಿಗಿ ಕಳಿಸಿದ್ರು. ಹೊಳ್ಳಿ ಬರದೆ. ನಾಗೂಬಾಯಿ ಹಾಡು ಯಾವ ಪಟ್ಟಿಯೊಳಗೂ ಇಲ್ಲ, ಅದನ್ನ ಇನ್ನ ಅಚ್ಚು ಹಾಕಂಗಿಲ್ಲ, ಆಕೀ ಎರಡನೇ ತಬಕಡಿನೂ ಮಾಡಂಗಿಲ್ಲ ಅಂತ ಉತ್ತರ ಬಂತು.

ನಮ್ಮ ಅಂಗಡಿ ಕಾರ್ಡ ಪುಣೆಗೆ ಹೋಗ್ತೈತೋ ಇಲ್ಲೋ ಅಂತ ಭಾವಾರನ್ನ ಕೇಳಿದೆ. ನಿಮಗ ಗೊತ್ತೈತಿ, ಮದಿವಿಯಾಗಿ ಬಂದಾಗಿಂದ ನಾ ನಿಮ್ಮ ಅಣ್ಣಾರ ಕೂಡ ಬಾಗಲ ಮರಿಗೆ ನಿಂತ ಮಾತಾಡಿದಾಕಿ. ಅವತ್ತ ಹೊರಗ ಬಂದು ಅವರ ತಾಟಿನ ಮುಂದ ನಿಂತ ಕೇಳಿದೆ. ಅವರು ಮುಚ್ಚಿಡಲಿಲ್ಲ. ಕಂಪನಿ ಮನಶ್ಯಾ ತಿಂಗಳಾ ಬಂದು ಹಾಡಿನ ಹೆಸರು ಹೇಳ್ತಾನ, ನಾ ಬರದು ಹಾಕ್ತೇನಿ ಅಂದ್ರು. ಕಂಪನಿ ಏಜನ್ಸಿ ನಮ್ಮ ಕಡೆ ಉಳಿಬೇಕಂದ್ರ ಅಷ್ಟು ಮಾಡಬೇಕಾಗ್ತೈತಿ ಅಂದ್ರು.

“ಎಲ್ಲಾ ಊರಾಗೂ ಹಂಗ ಬರೀತಾರ ತಂಗೀ. ಹಾಡಿನ ವಿಷಯ, ಇದರಾಗ ಯಾರ ಕುತಗಿ ಕೊಯ್ದಂಗ ಆತು?”

ಸಿಟ್ಟಿಗಿ ಬಂದು ಅಂದಿಲ್ಲ, ರೊಟ್ಟಿ ಮುರಕೋತ ಅಂದ್ರು. ನನಗ ಒಲಿ ಮುಂದ ಕುಂತ ನಾಗೂಬಾಯಿ ಕಣ್ಣಿಗಿ ಕಂಡಳು. ನೂಲಿನ ಧೂಳಿಗೆ ಆಕೀ ಗಂಟಲಾ ಹೋಗಾಕತ್ತೈತಿ, ಇನ್ನ ಎಷ್ಟು ದಿನಾ ಆ ದನಿ ಇರ್ತೈತೋ ಯಾರಿಗಿ ಗೊತ್ತು. ಆಕೀ ಕುತಗಿನ ಇದು ಅಂತ ಹೇಳಿ ಒಳಗ ಬಂದೆ.

ಆ ತಿಂಗಳ ಕಾರ್ಡ ನಾ ಬರದೆ. ಏನು ಮಾರಾಟ ಆಗಿತ್ತೋ ಅದನ್ನ ಬರದೆ, ನಾಗೂಬಾಯಿ ಮೊದಲ. ಪತ್ರಿಕಾ ಬಂದಾಗ ಅಲಕಾ ನಾನೂ ಕೂಡಿ ಬೆರಳು ಇಟ್ಟು ಓದಿದ್ವಿ. ಹೆಸರು ಇರಲಿಲ್ಲ. ಕೆಳಗ ಸಣ್ಣ ಅಕ್ಷರದಾಗ, ಇಚಲಕರಂಜಿಯ ಒಂದು ಅಂಗಡಿಯ ಕಾರ್ಡ ನಂಬಲಾರದಂಥಾದ್ದು ಇದ್ದದ್ದಕ್ಕ ಬಿಟ್ಟೇವಿ ಅಂತ ಹಾಕಿದ್ರು. ಸುಳ್ಳು ಬರದಾಗ ನಂಬಿದ್ರು, ಖರೇ ಬರದಾಗ ನಂಬಲಿಲ್ಲ. ನನಗ ಅಳು ಬರಬೇಕಾಗಿತ್ತು. ಬರಲಿಲ್ಲ.

ಎರಡು ವಾರದ ಹಿಂದ ಕೊಲ್ಲಾಪುರದಾಗ ಅಂಗಡಿಯವರ ಸಭಾ ಇತ್ತು. ಭಾವಾರಿಗೆ ಬಂದ ಕರಿಯೋಲಿ. ಅವರು ಮಗ್ಗ ಬಿಟ್ಟು ಹೋಗಾಂಗ ಇರಲಿಲ್ಲ. ನಾ ಅತ್ತಿಯವರನ್ನ ಜೋಡಿ ಕರಕೊಂಡು ಯಸ್.ಟಿ. ಬಸ್ಸು ಹತ್ತಿದೆ. ಶಾಹೂಪುರಿಯ ಒಂದು ಲಾಜಿಂಗಿನ ಮ್ಯಾಲಿನ ಮಾಳಿಗಿ, ತುಂಬ ಗಂಡಸರು, ನಾವಿಬ್ಬರ ಹೆಂಗಸರು. ಎರಡೂ ಪತ್ರಿಕಾದವರು ಬಂದಿದ್ರು, ಒಬ್ಬರು ಆ ಮೂಲಿಗೆ, ಒಬ್ಬರು ಈ ಮೂಲಿಗೆ, ಒಬ್ಬರ ಮಾರಿ ಒಬ್ಬರು ನೋಡಲಾರದಂಗ ಕುಂತಿದ್ರು. ಕಂಪನಿ ಸಾಹೇಬರು ಬರೂ ವರ್ಷ ಯಾವ ಹಾಡು ಎಷ್ಟು ಎತ್ತಬೇಕು ಅಂತ ಹೇಳಿ, ಯಾರದರೆ ಏನರೆ ಕೇಳೂದೈತೇನು ಅಂದ್ರು. ಅದು ಕೇಳೂ ಮಾತಲ್ಲ, ಸಭಾ ಮುಗಿಸೂ ಮಾತು. ನಾ ಎದ್ದು ನಿಂತೆ. ನಾಗೂಬಾಯಿ ತಬಕಡಿ ಯಾಕ ಕಳಸೂದಿಲ್ಲ ಅಂತ ನನಗ ಬಂದಂಥಾ ಮರಾಠಿಯೊಳಗ ಕೇಳಿದೆ. ಸಾಹೇಬರು ಭಾಳ ಸಮಾಧಾನದಿಂದ, ಸಣ್ಣ ಹುಡುಗರಿಗೆ ಹೇಳಿಧಂಗ ಹೇಳಿದ್ರು.

“ಬಾಯಿ, ಪಟ್ಟಿಯೊಳಗ ಇಲ್ಲದ ಹಾಡು ಮಾರಾಟ ಆಗೂದಿಲ್ಲ.”

“ಮಾರಾಟ ಆಗೇತ್ರಿ ಸಾಹೇಬ್ರ. ಹಾಡು ತಿದ್ದಾಕ ಬರೂದಿಲ್ಲ, ನೀವು ಪಟ್ಟಿ ತಿದ್ದಿಕೊಳ್ರಿ,” ಅಂದೆ.

ಯಾರೋ ಹಿಂದಿನವರು ನಕ್ಕರು. ಮುಂಬಯಿ ಪತ್ರಿಕಾದವರು ಎದ್ದು ಒಂದು ಅಂಗಡಿ ಮಾತು ಹಿಡಕೊಂಡು ಪಟ್ಟಿ ನಡೆಯೂದಿಲ್ಲ ಅಂದ್ರು. ಪುಣೇದವರೂ ಹೌದು ಅಂತ ತಲಿ ಹಾಕಿದ್ರು. ಇಷ್ಟ ವರ್ಷ ಒಬ್ಬರನ್ನೊಬ್ಬರು ಹರಕೊಂಡು ತಿಂದಾವ್ರು, ನನ್ನನ್ನ ಕುಂಡ್ರಸೂದಕ್ಕ ಮಾತ್ರ ಕೂಡಿದ್ರು. ಆವಾಗ ಗಡಹಿಂಗ್ಲಜದ ಶಾಂತಿನಾಥ ಎದ್ರು. ನಿಮಗ ಗೊತ್ತಿದ್ದಾವ್ರ, ಬಾಜಾ ಪೆಟ್ಟಿಗಿ, ತಬಕಡಿ ಅಂಗಡಿಯವರು, ನಾಲ್ಕು ಮಂದ್ಯಾಗ ಬಾಯಿ ಬಿಡಲಾರದಾವ್ರು. ಅವರು ನೆಲಾ ನೋಡಿಕೋತ, “ನಮ್ಮ ಊರಾಗೂ ಆ ತಬಕಡಿ ಹಂಗ ಹೋಗೇತ್ರಿ. ನಾನೂ ಕಾರ್ಡಿನ್ಯಾಗ ಬ್ಯಾರೇನ ಬರದೇನಿ,” ಅಂದು ಕುಂತ್ರು. ಸಾಹೇಬರ ಸಮಾಧಾನ ಹೋತು. ಇಚಲಕರಂಜಿ ಅಂಗಡಿಯವರು ಇಲ್ಲೆ ಎಲ್ಲಾರ ಮುಂದ ತಪ್ಪಾತು ಅಂತ ಹೇಳಬೇಕು, ಇಲ್ಲಂದ್ರ ಏಜನ್ಸಿ ಇರೂದಿಲ್ಲ ಅಂದ್ರು. ಎಲ್ಲಾರೂ ನನ್ನ ಕಡೆ ನೋಡಾಕತ್ತಿದ್ರು. ನಾ ನಿಮ್ಮನ್ನ ನೆನಸಿಕೊಂಡೆ. ಅಂಗಡಿ ಕಟ್ಟಾಕ ನೀವು ಎಷ್ಟು ಬಳಲೀರಿ ಅನ್ನೂದು ನೆನಪಾತು. ನಾಗೂಬಾಯಿ ಬಾಯಿಲೇನ ಆ ಹಾಡು ಮೊದಲನೇ ಸಲ ಕೇಳಿದ ದಿನಾ ನೀವು ಉಣ್ಣೂದು ಮರತು ಕುಂತದ್ದೂ ನೆನಪಾತು. ನಾ ತಪ್ಪಾತು ಅನ್ನಲಿಲ್ಲ. ಅತ್ತಿಯವರು ಸೆರಗು ಝಾಡಿಸಿ ಎದ್ದು, “ಏಳ ಗುರುಸಿದ್ದವ್ವಾ, ಬಸ್ಸಿನ ಹೊತ್ತಾತು,” ಅಂದ್ರು. ಇಬ್ಬರೂ ನಡುವಿನ ದಾರಿಲೆ ನಡಕೋತ ಬಂದ್ವಿ.

ಏಜನ್ಸಿ ಹೋತು. ಕಾಗದಾ ಮೊನ್ನೆ ಬಂತು. ಅವರ ಮನಶ್ಯಾ ಬಂದು ಬಾಗಲ ಮ್ಯಾಲಿನ ಕಂಪನಿ ಹೆಸರಿನ ಪಾಟಿ ಇಳಸ್ತಾನ ಅಂತ ಬರದಿದ್ರು. ಅವರ ಕೈಲೆ ಯಾಕ ಇಳಿಸಿಕೊಳ್ಳೂದು, ನಾನ ಸ್ಟೂಲು ಹಾಕಿಕೊಂಡು ಹತ್ತಿ ಆ ತಗಡಿನ ಪಾಟಿ ಬಿಚ್ಚಿ ಗ್ವಾಡಿಗೆ ಆನಿಸಿ ಇಟ್ಟೆ. ಓಣಿ ಮಂದಿ ನಿಂತು ನೋಡಿದ್ರು. ಭಾವಾರು ಅವತ್ತಿಂದ ನಮ್ಮಲ್ಲೆ ಉಣ್ಣಾಕ ಬಂದಿಲ್ಲ. ನಾಗೂಬಾಯಿ ಅಳಕೋತ ಬಂದು, ನನ್ನ ಸಲುವಾಗಿ ನಿಮ್ಮ ಅನ್ನಕ್ಕ ಕುತ್ತು ಬಂತು, ನಾ ಹಾಡೂದ ಬಿಡ್ತೇನಿ ಅಂದಳು. ಬಿಟ್ರ ನಾ ನಿನ್ನ ಮಾರಿ ನೋಡಂಗಿಲ್ಲ ಅಂತ ಬೈದು, ಚಾ ಕುಡಿಸಿ ಕಳಿಸಿದೆ.

ಅಂಗಡಿ ಬಾಗಲಾ ಮಾತ್ರ ಹಾಕಿಲ್ಲ. ರೇಡಿಯೋ ದುರಸ್ತಿ ಮೊದಲಿನಂಗ ನಡದೈತಿ, ಉಳಿದ ಸಣ್ಣ ಕಂಪನಿ ಹಾಡು ಇಟ್ಟೇನಿ. ಶಾಂತಿನಾಥ ಅಂಥಾ ಒಂದು ಕಂಪನಿಗೆ ಬರದಾರ. ಎರಡೂ ಅಂಗಡಿ ಕೂಡಿ ಮಾಲು ಎತ್ತತೇವಿ ಅಂದ್ರ ನಾಗೂಬಾಯಿ ಎರಡನೇ ತಬಕಡಿ ಮಾಡಿ ನೋಡೋಣು ಅಂತ ಆ ಕಂಪನಿಯವರು ಉತ್ತರಾ ಬರದಾರ. ಮಾಡತಾರೋ ಬಿಡತಾರೋ ಇನ್ನ ಗೊತ್ತಿಲ್ಲ. ಮಾಡಲಿಲ್ಲಂದ್ರ ಮತ್ತೊಬ್ಬರಿಗೆ ಬರೀತೇನಿ. ಪುಣೆಗೆ ಈ ತಿಂಗಳದ ಕಾರ್ಡೂ ಹಾಕೇನಿ. ಏಜನ್ಸಿ ಇಲ್ಲದವರ ಕಾರ್ಡ ಅವರು ಓದೂದಿಲ್ಲಂತ. ಓದಲಿಲ್ಲಂದ್ರ ಹರದು ಒಗಿಲಿ, ಒಗಿಯಾಕರೆ ಕೈಯಾಗ ಹಿಡೀಬೇಕಲ್ಲ.

ನೀವು ಸಿಟ್ಟಾಗೂದಿದ್ರ ಆಗ್ರಿ. ಕೆಮ್ಮು ಬರೂವಂಗ ಮಾತ್ರ ಆಗಬ್ಯಾಡ್ರಿ. ಬರೂ ತಿಂಗಳಾ ನಾ ಬಂದಾಗ ಎದುರಿಗೆ ಕುಂಡ್ರಿಸಿಕೊಂಡು ಬೈರಿ, ಸಿಸ್ಟರಬಾಯಿ ಹೊರಗ ಹಾಕೂ ತನಕ ಕೇಳ್ತೇನಿ. ಅತ್ತಿಯವರ ಆಶೀರ್ವಾದ, ಅಲಕಾನ ಮುತ್ತು. ಆಕಿ ತನ್ನ ಹೆಸರು ಮರಾಠಿ ಅಕ್ಷರದಾಗ ಕೆಳಗ ತಾನ ಬರದಾಳ, ಕಾ ಅನ್ನೂದು ಉಲ್ಟಾ ಆಗೇತಿ. ಆ ಮಹಾದೇವ ನಿಮ್ಮ ಎದಿಯೊಳಗಿನ ಬ್ಯಾನಿ ಪೂರಾ ತಗೀಲಿ, ನೀವು ನಡಕೋತ ಮನಿಗೆ ಬರ್ರಿ.

ನಿಮ್ಮ,
ಗುರುಸಿದ್ದವ್ವ

ತಾ.ಕ. ಪಾಕೀಟು ಅಂಟಸೂದ್ರಾಗ ಅತ್ತಿಯವರು ಬಂದು ಹೇಳಿದ್ರು, ಅವಸರದಾಗ ಬರಿಯಾಕತ್ತೇನಿ. ಭಾವಾರು ಗುರುವಾರ ನಿಮ್ಮನ್ನ ನೋಡಾಕ ಬರ್ತಾರ. ಹಣ್ಣು ತರ್ತಾರ, ಅದರ ಜೋಡಿ ವಕೀಲರ ಕಡಿಂದ ಬರಿಸಿದ ಕಾಗದಾನೂ ತರ್ತಾರ. ಅಂಗಡಿ ಅವರ ಹೆಸರಿಗೆ ಆದ್ರ ಏಜನ್ಸಿ ತಿರುಗಿ ಕೊಡತೇವಿ ಅಂತ ಕಂಪನಿಯವರು ಅವರಿಗೆ ಮಾತು ಕೊಟ್ಟಾರಂತ. ಹಣ್ಣು ತಿನ್ರಿ, ಅಣ್ಣಾರ ಕೂಡ ಚಂದಂಗ ಮಾತಾಡ್ರಿ. ಸಹಿ ಮಾಡಬ್ಯಾಡ್ರಿ. ನೀವು ಮಾಡಿದ್ರೂ ಅಂಗಡಿ ಕೀಲಿ ನಾ ಕೊಡಂಗಿಲ್ಲ.